ಎರಡನೆಯ ಸಾಲಿನ ಮನೆ

ಊರಿನ ಅರ್ಧ ಜನರ ಗುಟ್ಟು ಲಾಂಡ್ರಿ ಅಕ್ಕನಿಗೆ ಗೊತ್ತಿತ್ತು. ಯಾರ ಕೋಟಿನ ಜೇಬಿನಲ್ಲಿ ಎರಡು ಸಿನಿಮಾ ಟಿಕೆಟ್ಟು ಇತ್ತು, ಯಾವ ಮೇಷ್ಟ್ರು ಅಂಗಿಯ ಕಾಲರು ತಿರುವಿ ಹೊಲಿಸಿಕೊಂಡು ಹೊಸದೆಂದು ಓಡಾಡುತ್ತಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಹೊದಿಕೆ ಹೊದೆಯುತ್ತಾರೆ, ಎಲ್ಲವೂ ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಅವಳಿಗೆ ತಿಳಿಯುತ್ತಿತ್ತು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಬಾಯಿಯ ವಿಷಯದಲ್ಲಿ ಅವಳು ಅಷ್ಟು ಗಟ್ಟಿ. ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ಜಾರಿದಳು, ಅದೂ ಬೇಕೆಂದೇ ಜಾರಿದಳು. ಅದಕ್ಕೆ ಕಾರಣ ಅವಳ ನಾದಿನಿ, ಮತ್ತು ಒಂದು ಕೆರೆ.

ಮದುವೆಯಾಗಿ ಬಂದಾಗಿನಿಂದ ಲಾಂಡ್ರಿ ಅಕ್ಕನ ಸಂಸಾರ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲೇ ನಡೆದಿತ್ತು. ಮುಂದೆ ಬಾಯ್ಲರು, ಇಸ್ತ್ರಿ ಮೇಜು, ಹೋಟೆಲುಗಳ ಹಾಸಿಗೆ ಚಾದರಗಳ ಗುಡ್ಡೆ. ಹಿಂದೆ ಮಂಚ, ಒಲೆ, ಎರಡು ಕುರ್ಚಿ. ಗೋಡೆಗಳು ಸದಾ ಬೆವರುತ್ತಿದ್ದವು. ಇದ್ದ ಒಂದು ಕಿಟಕಿ ತೆಗೆದರೆ ಪಕ್ಕದ ಗೋದಾಮಿನ ಗೋಡೆ, ಅದರ ಮೇಲೆ ಒಂದು ಪೈಪು. ಮಕ್ಕಳಾಗಲಿಲ್ಲ. ಆ ನೋವು ಒಂದು ಕಾಲಕ್ಕೆ ಇತ್ತು, ಆಮೇಲೆ ಹಬೆಯ ಹಾಗೆ ಎಲ್ಲಿಗೋ ಹೋಯಿತು. ಉಳಿದದ್ದು ಒಂದೇ ಆಸೆ: ಕಿಟಕಿ ತೆಗೆದರೆ ಪೈಪು ಬಿಟ್ಟು ಬೇರೇನಾದರೂ ಕಾಣುವಂಥ ಮನೆ.

ಊರಾಚೆ ಕೆರೆಯ ಪಕ್ಕದಲ್ಲಿ ಹಳೆಯ ಇಟ್ಟಿಗೆ ಭಟ್ಟಿಯ ಜಾಗವನ್ನು ಸಮ ಮಾಡಿ ಕಾಲನಿ ಮಾಡುತ್ತಿದ್ದಾರೆಂದು ತಿಳಿದಾಗ ಮೊದಲು ಓಡಿದವರಲ್ಲಿ ಅವಳೂ ಒಬ್ಬಳು. ಮೊದಲನೆಯ ಸಾಲಿನ ಸೈಟುಗಳು ನೀರಿಗೆ ಮುಖ ಮಾಡಿದ್ದವು. ಅವುಗಳ ಬೆಲೆ ಕೇಳಿ ಗಂಡನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಎರಡನೆಯ ಸಾಲು ಅದರ ಹಿಂದೆ, ನಡುವೆ ಒಂದು ಸಣ್ಣ ರಸ್ತೆ. ದಳ್ಳಾಳಿ ಅವಳನ್ನು ಎರಡನೆಯ ಸಾಲಿನ ಒಂದು ಸೈಟಿನ ನಡುವೆ ನಿಲ್ಲಿಸಿ ಎದುರಿಗೆ ಕೈ ತೋರಿಸಿದ.

"ಈ ಮುಂದಿನ ಸೈಟಿದೆಯಲ್ಲಮ್ಮ, ಇದರ ಯಜಮಾನ ಎಲ್ಲೋ ದೂರದ ಊರಲ್ಲಿದಾನೆ. ಕಟ್ಟೋನೂ ಅಲ್ಲ, ಮಾರೋನೂ ಅಲ್ಲ. ಇದು ಖಾಲಿ ಇರೋವರೆಗೂ ಕೆರೆ ನಿಮ್ಮದೇ."

ಮಾತಿನ ಮೊದಲರ್ಧ ಅವಳ ಕಿವಿಗೆ ಬೀಳಲೇ ಇಲ್ಲ. ಕೆರೆ ನಿಮ್ಮದೇ ಅಂದದ್ದು ಮಾತ್ರ ಬಿತ್ತು.

ಮನೆ ಕಟ್ಟುವಾಗ ಅವಳು ಅಡುಗೆಮನೆಯನ್ನು ಮುಂಭಾಗಕ್ಕೆ ತಂದಳು. ಕಿಟಕಿಯನ್ನು ಅಳತೆ ಹೇಳಿದ್ದಕ್ಕಿಂತ ಅಗಲ ಮಾಡಿಸಿದಳು. ಆಮೇಲೆ ಇನ್ನೂ ಅಗಲ. "ಅಮ್ಮಾ, ಇದು ಅಡುಗೆಮನೆಯೋ ಬಸ್ ಸ್ಟ್ಯಾಂಡೋ?" ಎಂದು ಮೇಸ್ತ್ರಿ ನಕ್ಕ. ಗಾಳಿಗೆ ಒಲೆ ಆರಿಹೋಗುತ್ತದೆ ಎಂದು ಗಂಡ ಗೊಣಗಿದ. ಒಲೆ ಆರಿದರೆ ಹಚ್ಚಿಕೊಂಡರಾಯಿತು ಎಂದಳು.

ಹೊಸ ಮನೆಗೆ ಬಂದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಗ್ಗೆ ಎದ್ದು ಕಿಟಕಿಯ ಮುಂದೆ ನಿಂತರೆ ಮೊದಲು ದಡದ ಕಲ್ಲುಗಳು, ಆಮೇಲೆ ಮಗುಚಿ ಹಾಕಿದ ದೋಣಿಗಳು, ಆಮೇಲೆ ನೀರು, ಅದರಾಚೆ ಮರಗಳ ಸಾಲು. ಬಿಸಿಲೇರುತ್ತ ನೀರಿನ ಬಣ್ಣ ಬದಲಾಗುವುದನ್ನು ನೋಡುತ್ತ ಎಷ್ಟೋ ಸಲ ಹಾಲು ಉಕ್ಕಿಸಿದಳು. ಬಟ್ಟೆಯ ಗಂಟು ಕೊಡುವಾಗ ಗಿರಾಕಿಗಳಿಗೆಲ್ಲ ಕೆರೆಯ ಸುದ್ದಿ. "ಬನ್ನಿ ಒಂದಿನ, ಚಹಾ ಕುಡಿಯೋಣ, ನೀರು ನೋಡ್ಕೊಂಡು," ಎನ್ನುವಳು. ಜನ ಬಂದರು, ಹೊಗಳಿದರು, ಹೋದರು. ನಾದಿನಿಯನ್ನು ಮಾತ್ರ ಅವಳು ಕೊನೆಗೆ ಇಟ್ಟುಕೊಂಡಿದ್ದಳು.

ನಾದಿನಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಪುಟ್ಟಿ ಎಂದು. ಲಾಂಡ್ರಿ ಅಕ್ಕ ಮದುವೆಯಾಗಿ ಬಂದಾಗ ಅವಳು ಎರಡು ಜಡೆಯ ಶಾಲೆಯ ಹುಡುಗಿ. ತಾಯಿಯಿಲ್ಲದ ಆ ಹುಡುಗಿಯ ಸಮವಸ್ತ್ರಕ್ಕೆ ದಿನಾ ಇಸ್ತ್ರಿ ಹಾಕಿಕೊಟ್ಟವಳು ಅತ್ತಿಗೆಯೇ. ಈಗ ಪುಟ್ಟಿಗೆ ಕಿವಿಯ ಹತ್ತಿರ ಕೂದಲು ನರೆತಿತ್ತು, ಆದರೂ ಹೆಸರು ಪುಟ್ಟಿಯೇ. ಅವಳ ಗಂಡ ಪೇಟೆಬೀದಿಯ ಔಷಧದಂಗಡಿಯವನು, ಅನುಕೂಲಸ್ಥ. ಮೊದಲಿನಿಂದಲೂ ಒಂದು ವಿಚಿತ್ರ ನಡೆದುಬಂದಿತ್ತು. ಲಾಂಡ್ರಿ ಅಕ್ಕ ಏನು ಮಾಡಿದರೂ ಪುಟ್ಟಿ ಅದಕ್ಕಿಂತ ಒಂದು ಗೇಣು ಮುಂದೆ. ಇವಳು ಆಸೆಪಟ್ಟು ಹಸಿರು ಕೋಟು ಹೊಲಿಸಿಕೊಂಡಳು. ಮುಂದಿನ ವಾರವೇ ಪುಟ್ಟಿ ಅದೇ ಹಸಿರಿನ ಕೋಟು, ಆದರೆ ಮಖಮಲ್ಲಿನ ಕಾಲರಿನದು, ಹಾಕಿಕೊಂಡು ಬಂದಳು. ಇವಳು ಪಿಂಗಾಣಿಯ ಬಟ್ಟಲುಗಳನ್ನು ತಂದರೆ ಅವಳು ಚಿನ್ನದ ಗೆರೆಯವನ್ನು ತಂದಳು. ಎರಡು ಸಲವೂ ಲಾಂಡ್ರಿ ಅಕ್ಕ ನಗುನಗುತ್ತಲೇ "ಚೆನ್ನಾಗಿದೆ ಕಣೇ" ಎಂದಿದ್ದಳು. ಹೊಟ್ಟೆಯಲ್ಲಿ ಮಾತ್ರ ಬಾಯ್ಲರು ಹತ್ತಿಕೊಂಡಿತ್ತು.

ಈಗಿನದು ಮಾತ್ರ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಪುಟ್ಟಿ ಊಟಕ್ಕೆ ಬಂದ ದಿನ ಲಾಂಡ್ರಿ ಅಕ್ಕ ಕಿಟಕಿಯ ಗಾಜನ್ನು ಮತ್ತೆ ಮತ್ತೆ ಒರೆಸಿದಳು. ಊಟವಾಯಿತು. ಪುಟ್ಟಿ ಚಹಾದ ಬಟ್ಟಲು ಹಿಡಿದು ಕಿಟಕಿಯ ಹತ್ತಿರ ಹೋದವಳು ಅಲ್ಲೇ ನಿಂತುಬಿಟ್ಟಳು. ಚಹಾದ ಮೇಲೆ ಕೆನೆ ಕಟ್ಟಿತು.

"ಅತ್ತಿಗೆ, ಈ ಮುಂದಿನ ಸೈಟು ಯಾರದು?"

"ಯಾರೋ ಪುಣ್ಯಾತ್ಮನದು. ಕಟ್ಟೋದೂ ಇಲ್ವಂತೆ, ಮಾರೋದೂ ಇಲ್ವಂತೆ."

"ಕೇಳಿದ್ರೂ ಕೊಡಲ್ವಾ?"

ಗೆದ್ದ ಖುಷಿಯಲ್ಲಿ ಲಾಂಡ್ರಿ ಅಕ್ಕನ ನಾಲಿಗೆ ಸಡಿಲವಾಗಿತ್ತು. "ನೀನೇ ಹೋಗಿ ಕೇಳೇ! ನಿನ್ನ ಮುಖ ನೋಡಿದ್ಮೇಲೆ ಇಲ್ಲ ಅನ್ನೋಕ್ಕೆ ಯಾರಿಗೆ ಬಾಯಿ ಬರುತ್ತೆ?" ಎಂದು ನಕ್ಕಳು. ಪುಟ್ಟಿಯೂ ನಕ್ಕಳು. ಆದರೆ ಅವಳ ಕಣ್ಣು ನೀರಿನ ಮೇಲಿಂದ ಕದಲಲಿಲ್ಲ. ಆ ಕಣ್ಣಿನಲ್ಲಿ ಏನಿದೆ ಎಂಬುದನ್ನು ಗುರುತಿಸಲು ಲಾಂಡ್ರಿ ಅಕ್ಕನಿಗೆ ಕ್ಷಣವೂ ಹಿಡಿಯಲಿಲ್ಲ. ಅಷ್ಟು ವರ್ಷ ತನ್ನೊಳಗೇ ಸಾಕಿಕೊಂಡಿದ್ದ ಹೊಟ್ಟೆಕಿಚ್ಚು ಅದು. ಈಗ ಮನೆ ಬದಲಾಯಿಸಿ ಎದುರಿಗೆ ನಿಂತಿತ್ತು. ಆ ದಿನ ಅವಳು ಪಾತ್ರೆ ತೊಳೆಯುತ್ತ ಹಾಡಿಕೊಂಡಳು.

ಮುಂದಿನ ಸೈಟಿನಲ್ಲಿ ಗೂಟ ಹೊಡೆಯುವ ಸದ್ದು ಕೇಳಿದ್ದು ಎಷ್ಟೋ ತಿಂಗಳ ಮೇಲೆ. ಒದ್ದೆ ಕೈಯಲ್ಲೇ ಹೊರಗೆ ಬಂದು ನೋಡಿದರೆ ಇಬ್ಬರು ದಾರ ಹಿಡಿದು ಪಾಯ ಗುರುತು ಮಾಡುತ್ತಿದ್ದಾರೆ.

"ಯಾರದಪ್ಪಾ ಇದು?"

"ಪೇಟೆಬೀದಿ ಔಷಧದಂಗಡಿಯವರದು ಅಮ್ಮಾ. ಎರಡಂತಸ್ತು."

ಲಾಂಡ್ರಿ ಅಕ್ಕ ಅಂಗಡಿಗೆ ಹೇಗೆ ತಲುಪಿದಳೋ ಅವಳಿಗೇ ಗೊತ್ತಿಲ್ಲ. ಗಂಡ ಚಾದರಗಳಿಗೆ ಗಂಜಿ ಹಾಕುತ್ತಿದ್ದ. ಹೆಂಡತಿಯ ಮುಖ ಕಂಡದ್ದೇ ಅವನ ಕಿವಿ ಕೆಂಪಾಯಿತು. ಅವನು ಒಳ್ಳೆಯವನು, ಆದರೆ ಸುಳ್ಳು ಅವನ ಮೈಗೆ ಒಗ್ಗುತ್ತಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರೆ... ಪುಟ್ಟಿನೇ ನಿಂಗೆ ಹೇಳ್ತೀನಿ ಅಂದಿದ್ಲು."

"ಯಾವಾಗ್ಲಿಂದ ಗೊತ್ತಿತ್ತು?"

"ಮಳೆಗಾಲದಿಂದ..." ಅವನು ಗಂಜಿಯ ಬಕೆಟ್ಟಿಗೆ ಹೇಳಿದ. "ಆ ಯಜಮಾನನ್ನ ಒಪ್ಪಿಸೋಕ್ಕೆ ನಾನೂ ಜೊತೆಗೆ ಹೋಗಿದ್ದೆ. ತಂಗಿ ಕೇಳಿದ್ಮೇಲೆ ಹೇಗೆ ಬೇಡ ಅನ್ನಲಿ ಹೇಳು?"

ಮಳೆಗಾಲದಲ್ಲಿ ಹಳೇ ಗೆಳೆಯನನ್ನು ನೋಡಿಕೊಂಡು ಬರುತ್ತೇನೆಂದು ಅವನು ಬೇರೆ ಊರಿಗೆ ಹೋಗಿದ್ದ. ಹೊರಡುವ ಮುಂಚೆ ಅವನ ಕೋಟಿಗೆ ಅಚ್ಚುಕಟ್ಟಾಗಿ ಇಸ್ತ್ರಿ ಹಾಕಿಕೊಟ್ಟವಳು ಅವಳೇ. ತನ್ನ ಕೆರೆಯನ್ನು ಕೊಟ್ಟು ಬರಲು ಹೊರಟವನ ಕೋಟಿನ ತೋಳಿನ ಸುಕ್ಕನ್ನೂ ತಾನೇ ನೀವಿ ಕಳಿಸಿದೆನಲ್ಲ ಎಂಬುದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಆ ದಿನದಿಂದ ಅವನ ಕೋಟಿಗೆ ಅವನೇ ಇಸ್ತ್ರಿ ಹಾಕಿಕೊಳ್ಳಬೇಕಾಯಿತು.

ಮನೆ ಮೇಲೇಳತೊಡಗಿತು. ಕೆರೆ ಒಮ್ಮೆಗೇ ಮಾಯವಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಅದು ಕೆಳಗಿನಿಂದ ಒಂದೊಂದೇ ತುತ್ತಾಗಿ ಹೋಯಿತು. ಮೊದಲು ದಡದ ಕಲ್ಲುಗಳು ಹೋದವು. ಆಮೇಲೆ ದೋಣಿಗಳು. ಇಟ್ಟಿಗೆಯ ಸಾಲು ಏರಿದ ಹಾಗೆ ನೀರು ತೆಳ್ಳಗಾಗುತ್ತ ಬಂದು ಒಂದು ಬೆಳಗ್ಗೆ ಒಂದು ಬಿಳಿ ಗೆರೆ ಮಾತ್ರ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಗಾರೆಯವನೊಬ್ಬ ಬೀಡಿ ಸೇದುತ್ತ ಆ ಗೆರೆಯನ್ನೂ ಮುಚ್ಚಿದ. ಉಳಿದದ್ದು ಮರಗಳ ತುದಿ. ಮೇಲಂತಸ್ತು ಬಂದ ಮೇಲೆ ಅದೂ ಇಲ್ಲ.

ಗಂಡನೋ, ಸಂಜೆಯಾಯಿತೆಂದರೆ ತಂಗಿಯ ಗೋಡೆಗೆ ನೀರು ಹೊಡೆಯಲು ಹೊರಡುತ್ತಿದ್ದ. ಹೊಸ ಸಿಮೆಂಟು ಒಣಗಿ ಬಿರುಕು ಬಿಡಬಾರದಲ್ಲ. ಪೈಪು ಇವರ ನಲ್ಲಿಯಿಂದಲೇ.

"ನನ್ನ ಕಣ್ಣಿಗೆ ಗೋಡೆ ಕಟ್ಟೋದಲ್ದೆ ಅದಕ್ಕೆ ನಮ್ಮನೆ ನೀರು ಬೇರೆ!"

"ನೀರಿಗೂ ಲೆಕ್ಕ ಇಡ್ತಾರೇನೇ? ಪಕ್ಕದಲ್ಲೇ ನಮ್ಮೋರು ಇರೋದು ಒಳ್ಳೇದಲ್ವಾ?"

"ಒಳ್ಳೇದು. ನಿಮ್ಮೋರು ಕೆರೆ ನೋಡ್ತಾರೆ, ನಾನು ನಿಮ್ಮೋರ ಬಚ್ಚಲಿನ ಪೈಪು ನೋಡ್ತೀನಿ."

ಸುಳ್ಳಲ್ಲ. ಪುಟ್ಟಿಯ ಮನೆ ಕೆರೆಗೆ ಮುಖ ಮಾಡಿದ್ದರಿಂದ ಅದರ ಬೆನ್ನು ಇವಳ ಕಿಟಕಿಗೆ ಬಂದಿತ್ತು. ಆ ಬೆನ್ನಿನ ಮೇಲೆ ಮೇಲಿನಿಂದ ಕೆಳಗಿನವರೆಗೂ ಒಂದು ದಪ್ಪ ಪೈಪು.

ಪುಟ್ಟಿ ಮಾತ್ರ ಏನೂ ಆಗಿಲ್ಲವೆಂಬಂತೆ ಬಂದುಹೋಗುತ್ತಿದ್ದಳು. "ನಿಮಗೆ ಆಶ್ಚರ್ಯ ಆಗಲಿ ಅಂತ ಹೇಳಿರಲಿಲ್ಲ ಅತ್ತಿಗೆ," ಎಂದಳು ಮೊದಲ ದಿನ. ಲಾಂಡ್ರಿ ಅಕ್ಕ ನುಂಗಲಾರದ್ದನ್ನು ನುಂಗಿ "ಆಯ್ತಲ್ಲ ಆಶ್ಚರ್ಯ" ಎಂದಳು. ನೆಲದ ಟೈಲ್ಸಿನ ಮಾದರಿಗಳನ್ನು ತಂದು ಯಾವುದು ಚೆಂದ ಎಂದು ಕೇಳಿದಾಗ, ಇದ್ದವುಗಳಲ್ಲೆಲ್ಲ ಕೊಳೆತ ಮೊಟ್ಟೆಯ ಬಣ್ಣದ್ದನ್ನು ಆರಿಸಿ ಕೊಟ್ಟಳು. ಪುಟ್ಟಿ ಅದನ್ನು ಬೆಳಕಿಗೆ ಹಿಡಿದು, "ನಿಮ್ಮ ಕಣ್ಣೇ ಕಣ್ಣು ಅತ್ತಿಗೆ!" ಎಂದು ಹೊಗಳಿ, ಅಂಗಡಿಗೆ ಹೋಗಿ ಬೇರೆಯದನ್ನೇ ಕೊಂಡಳು.

ದಿನವಿಡೀ ಆ ಗೋಡೆಯನ್ನೇ ದಿಟ್ಟಿಸುತ್ತಿದ್ದವಳಿಗೆ ಅದರ ಒಂದೊಂದು ಇಟ್ಟಿಗೆಯೂ ಪರಿಚಯವಾಗಿತ್ತು. ಮನೆಯ ಒಂದು ಬದಿಯಲ್ಲಿ ಮೆಟ್ಟಿಲಿನ ಗೋಡೆ ಸ್ವಲ್ಪ ಹೊರಕ್ಕೆ ಬಂದಿತ್ತು. ಕಾಲನಿಯಲ್ಲಿ ಪ್ರತಿ ಮನೆಯೂ ಬದಿಗಳಲ್ಲಿ ಇಷ್ಟು ಜಾಗ ಬಿಡಬೇಕೆಂದು ನಿಯಮ. ಅದನ್ನು ಕಾಯುತ್ತಿದ್ದವರು ಕಾಲನಿಯ ಸಂಘದ ಕಾರ್ಯದರ್ಶಿ, ನಿವೃತ್ತ ಗುಮಾಸ್ತರು. ಸದಾ ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು ಓಡಾಡುತ್ತಿದ್ದದ್ದರಿಂದ ಊರಿಗೆಲ್ಲ ಅವರು ಟೇಪಿನಜ್ಜ. ಅಜ್ಜ ತಮ್ಮ ಅಂಗಿಗಳನ್ನು ತೆಗೆದುಕೊಂಡು ಹೋಗಲು ಲಾಂಡ್ರಿಗೆ ಬಂದಾಗ ಲಾಂಡ್ರಿ ಅಕ್ಕ ಗಂಟು ಕಟ್ಟುತ್ತ, ತಲೆಯೆತ್ತದೆ ಕೇಳಿದಳು:

"ಅಜ್ಜಾ, ಪಕ್ಕಕ್ಕೆ ಜಾಗ ಬಿಡಬೇಕು ಅನ್ನೋದು ಎಲ್ಲರಿಗೂ ಒಂದೇನಾ? ಇಲ್ಲಾ, ಮೊದಲನೇ ಸಾಲಿನವರಿಗೆ ಬೇರೆನಾ?"

ಅಜ್ಜನ ಹುಬ್ಬು ಮೇಲೆ ಹೋಯಿತು. "ಯಾರಮ್ಮಾ ಬಿಟ್ಟಿಲ್ಲ?"

"ನಾನ್ಯಾಕೆ ಹೇಳಲಿ? ಕೇಳಿದೆ ಅಷ್ಟೆ."

ಅಷ್ಟೇ ಸಾಕಾಯಿತು. ಮರುದಿನ ಬೆಳಗ್ಗೆ ಅಜ್ಜ ಟೇಪು ಬಿಚ್ಚಿಕೊಂಡು ಮೊದಲನೆಯ ಸಾಲಿನಲ್ಲಿ ಒಂದು ಕಡೆಯಿಂದ ಅಳೆಯುತ್ತ ಬಂದರು. ಪುಟ್ಟಿಯ ಮನೆಯ ಬದಿಗೆ ಬಂದಾಗ ನಿಂತರು, ಕನ್ನಡಕ ಒರೆಸಿಕೊಂಡರು, ಮತ್ತೆ ಅಳೆದರು. ಸಂಘದವರು ಕೂತು ಮಾತಾಡಿ ತೀರ್ಮಾನಿಸುವವರೆಗೂ ಕೆಲಸ ನಿಲ್ಲಿಸಿ ಎಂದರು. ಗಾರೆಯವರು ಬುಟ್ಟಿ, ಕರಣೆ ಎತ್ತಿಕೊಂಡು ಬೇರೆ ಕಡೆಗೆ ಹೋದರು. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಇದೆಲ್ಲವನ್ನೂ ನೋಡಿದ ಲಾಂಡ್ರಿ ಅಕ್ಕನಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು. ಎರಡು ಸಲ ಬಡಿಸಿಕೊಂಡು ಉಂಡಳು.

ಆ ಊಟ ಅರಗುವ ಮುಂಚೆಯೇ ಗಂಡ ಬಂದು ಬಾಗಿಲಲ್ಲಿ ನಿಂತ.

"ಪುಟ್ಟಿಯವರು ಬಾಡಿಗೆ ಮನೆ ಬಿಡ್ತೀವಿ ಅಂತ ಮಾತು ಕೊಟ್ಟುಬಿಟ್ಟಿದ್ರಂತೆ. ಅಲ್ಲಿಗೆ ಬೇರೆಯವರು ಬರ್ತಿದಾರೆ. ಪಾಪ, ಎಲ್ಲಿಗೆ ಹೋಗ್ತಾರೆ? ಮುಗಿಯೋವರೆಗೂ ನಮ್ಮನೇಲೇ ಇರಿ ಅಂತ ಹೇಳಿಬಂದೆ."

ಲಾಂಡ್ರಿ ಅಕ್ಕ ಬೇಡ ಎನ್ನಲು ಯಾವ ಕಾರಣ ಹೇಳುತ್ತಾಳೆ?

ಪುಟ್ಟಿ ಬಂದಳು, ಅವಳ ಗಂಡ ಬಂದ, ಅವರ ಪೆಟ್ಟಿಗೆ, ಪಾತ್ರೆ, ಫ್ರಿಜ್ಜು ಎಲ್ಲ ಬಂದವು. ಫ್ರಿಜ್ಜಿಗೆ ಜಾಗವಿಲ್ಲದೆ ಅದು ಚಾದರ ಹೊದ್ದುಕೊಂಡು ಪಡಸಾಲೆಯ ನಡುವೆ ಮುನಿಸಿಕೊಂಡ ನೆಂಟನ ಹಾಗೆ ನಿಂತಿತು. ಮೊದಲ ದಿನದ ಊಟಕ್ಕೆ ಕೂತಾಗಲೇ ಔಷಧದಂಗಡಿಯವನು ಶುರು ಮಾಡಿದ.

"ಯಾವನೋ ಹೊಟ್ಟೆ ಉರಿದು ಹಚ್ಚಿಕೊಟ್ಟಿದಾನೆ ಅಕ್ಕಾ. ಸಿಗಲಿ ಅವನು, ಆ ಹೊಟ್ಟೆಗೆ ಯಾವ ಔಷಧ ಕೊಡಬೇಕು ಅಂತ ನಂಗೊತ್ತಿದೆ."

"ಹಾಳಾಗಿಹೋಗಲಿ ಅವನು," ಎಂದ ಗಂಡ, ತಂಗಿಯ ತಟ್ಟೆಗೆ ಬಡಿಸುತ್ತ.

"ಅವನೋ, ಅವಳೋ, ಯಾರಿಗೆ ಗೊತ್ತಣ್ಣಾ," ಎಂದಳು ಪುಟ್ಟಿ. "ಅತ್ತಿಗೆ, ನೀವು ಯಾಕೆ ಏನೂ ತಿಂತಿಲ್ಲ?"

ದಿನಗಳು ಉರುಳಿದವು. ತನ್ನದೇ ಮನೆಯಲ್ಲಿ ಲಾಂಡ್ರಿ ಅಕ್ಕ ಬೇಯತೊಡಗಿದಳು. ಬೆಳಗ್ಗೆ ಎದ್ದು ಬರುವಷ್ಟರಲ್ಲಿ ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಪುಟ್ಟಿ. ಅಣ್ಣ ತಂಗಿ ಕೂತು ಚಿಕ್ಕಂದಿನ ಯಾವುದೋ ಮಾತು ತೆಗೆದು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಏನೆಂದು ಕೇಳಿದರೆ, "ಅದು ನಿಂಗೆ ಹೇಳಿದ್ರೆ ಗೊತ್ತಾಗಲ್ಲ ಬಿಡು" ಎನ್ನುತ್ತಿದ್ದ ಗಂಡ. ತನ್ನ ಜೊತೆ ಅವನು ಹಾಗೆ ನಕ್ಕು ಎಷ್ಟು ಕಾಲವಾಯಿತು? ಅವಳಿಗೆ ನೆನಪಾಗಲಿಲ್ಲ. ಮೈಗಳ್ಳಿಯಾಗಿದ್ದರೆ ಬಯ್ಯಬಹುದಿತ್ತು, ಪುಟ್ಟಿ ಅದೂ ಅಲ್ಲ. ಲಾಂಡ್ರಿಗೂ ಬಂದು ಕೈ ಹಾಕುತ್ತಿದ್ದಳು. ಗಿರಾಕಿಗಳು "ನಿಮ್ಮ ನಾದಿನಿ ಎಷ್ಟು ಚುರುಕು!" ಎಂದು ಇವಳೆದುರಿಗೇ ಹೇಳಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಹೋಟೆಲಿನ ದೊಡ್ಡ ಚಾದರಗಳನ್ನು ಇಬ್ಬರೂ ಮಡಿಸುತ್ತಿದ್ದರು. ಇಬ್ಬರು ಬೇಕಾದ ಕೆಲಸ ಅದು. ಆಚೆ ತುದಿಯಲ್ಲೊಬ್ಬರು ಈಚೆ ತುದಿಯಲ್ಲೊಬ್ಬರು ನಿಂತು, ಎಳೆದು, ಕೊಡವಿ, ತುದಿಗೆ ತುದಿ ಕೂಡಿಸಲು ಎದುರುಬದುರಾಗಿ ನಡೆದು ಬರಬೇಕು. ಪುಟ್ಟಿ ಹತ್ತಿರ ಬಂದು ತನ್ನ ಕೈಯಲ್ಲಿದ್ದ ತುದಿಗಳನ್ನು ಅತ್ತಿಗೆಯ ಕೈಗೆ ಕೊಡುತ್ತ ಮೆಲ್ಲಗೆ ಹೇಳಿದಳು:

"ಟೇಪಿನಜ್ಜ ರಕ್ತದೊತ್ತಡದ ಮಾತ್ರೆಗೆ ನಮ್ಮ ಅಂಗಡಿಗೇ ಬರೋದು, ಅತ್ತಿಗೆ."

ಲಾಂಡ್ರಿ ಅಕ್ಕನ ಕೈ ಚಾದರವನ್ನು ಹಿಡಿದಲ್ಲೇ ನಿಂತಿತು. ಸುಳ್ಳು ಹೇಳಬಹುದಿತ್ತು. ಪುಟ್ಟಿಯ ಮುಖ ಇಷ್ಟು ಹತ್ತಿರವಿದ್ದಾಗ ಅದು ಆಗಲಿಲ್ಲ.

"ಯಾವಾಗ ಗೊತ್ತಾಯ್ತು?"

"ನಿಮ್ಮನೆಗೆ ಬರೋಕ್ಕೆ ಮುಂಚೆನೇ."

"ಗೊತ್ತಿದ್ದೂ ಬಂದ್ಯಾ?"

"ಗೊತ್ತಿದ್ದದ್ದಕ್ಕೇ ಬಂದೆ. ಮನೆ ನಿಲ್ಲಿಸಿದೋರೇ ಮನೆ ಕೊಡಲಿ ಅಂತ." ಪುಟ್ಟಿಯ ಧ್ವನಿಯಲ್ಲಿ ನಗು ಇರಲಿಲ್ಲ. "ದಿನಾ ನಿಮ್ಮೆದುರು ಕೂತು ಊಟ ಮಾಡಬೇಕು, ನಿಮಗೆ ಒಂದು ತುತ್ತೂ ಇಳೀಬಾರದು ಅನ್ನಿಸ್ತು. ಆ ಗೋಡೆ ಕಟ್ಟಿಸೋಕ್ಕೆ ನಾನೆಷ್ಟು ಒದ್ದಾಡಿದೀನಿ ಗೊತ್ತಾ?"

"ಆ ಸೈಟೇ ಯಾಕೆ ಬೇಕಿತ್ತು ನಿಂಗೆ?" ಲಾಂಡ್ರಿ ಅಕ್ಕ ಕೇಳಿದಳು. "ಕೆರೆ ಸುತ್ತ ಅಷ್ಟು ಜಾಗ ಇತ್ತು. ನನ್ನ ಮೂಗಿನ ಮುಂದೇ ಬೇಕಿತ್ತಾ?"

ಪುಟ್ಟಿ ಇನ್ನೊಂದು ಚಾದರ ಎತ್ತಿಕೊಂಡು, ಅದನ್ನು ಬಿಡಿಸದೆ ಹಾಗೇ ನಿಂತಳು.

"ಅವತ್ತು ನೀವು ಕಿಟಕಿ ಹತ್ರ ನಿಂತಿದ್ರಲ್ಲ, ರಾಣಿ ನಿಂತ ಹಾಗೆ. ನನ್ನ ಕೈಲಿ ತಡ್ಕೊಳ್ಳೋಕ್ಕೆ ಆಗಲಿಲ್ಲ. ನಂಗೆ ಈಜು ಬರಲ್ಲ, ನೀರು ಕಂಡ್ರೆ ತಲೆ ತಿರುಗುತ್ತೆ. ಕೆರೆ ಬೇಕು ಅಂತಲ್ಲ ಅತ್ತಿಗೆ, ನಿಮ್ಮ ಹತ್ರ ಇದ್ದದ್ದು ಬೇಕಿತ್ತು." ಅವಳು ಮೂಗು ಒರೆಸಿಕೊಂಡಳು. "ನೀವು ಬರೋವರೆಗೂ ಅಣ್ಣ ಸಂಜೆ ಮನೆಗೆ ಬಂದ್ರೆ ಮೊದಲು ಕರೀತಿದ್ದದ್ದು ನನ್ನ. ನೀವು ಬಂದ ಮಾರನೇ ದಿನ ನಿಮ್ಮನ್ನ ಕರೆದ. ಆವತ್ತಿಂದ ಹೀಗೇ ಆಗಿದೆ. ನಿಮ್ಮ ಹಸಿರು ಕೋಟು ನೋಡಿ ನಂಗೆ ಎರಡು ದಿನ ನಿದ್ದೆ ಇರಲಿಲ್ಲ."

ಮಖಮಲ್ಲಿನ ಕಾಲರಿನ ಹಿಂದೆ ಇಂಥದ್ದಿತ್ತೆಂದು ಲಾಂಡ್ರಿ ಅಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಊರಿನವರ ಬಟ್ಟೆಯಿಂದ ಊರನ್ನೇ ಓದುತ್ತಿದ್ದವಳು, ತಾನೇ ಇಸ್ತ್ರಿ ಹಾಕಿ ಬೆಳೆಸಿದವಳನ್ನು ಓದಿರಲಿಲ್ಲ. "ಆ ತುದಿ ಹಿಡಿ," ಎಂದಳು. ಪುಟ್ಟಿ ಹಿಡಿದಳು. ಮಡಿಸಿದರು. ಇನ್ನೊಂದು ಮಡಿಸಿದರು. ಕೊನೆಯದನ್ನು ಮೇಜಿನ ಮೇಲಿಟ್ಟು ಹೊರಡುವಾಗ ಪುಟ್ಟಿ, "ಅಣ್ಣನಿಗೆ ನಾನು ಹೇಳಿಲ್ಲ. ನಮ್ಮನೆಯವರಿಗೂ ಹೇಳಿಲ್ಲ. ಹೇಳೋದೂ ಇಲ್ಲ," ಎಂದಳು.

ಬೇರೆ ಯಾರಾದರೂ ಆಗಿದ್ದರೆ ಬದುಕಿದೆ ಎಂದುಕೊಳ್ಳುತ್ತಿದ್ದರು. ಲಾಂಡ್ರಿ ಅಕ್ಕನಿಗೆ ಆ ಮಾತು ಒಳಗೆ ಮುಳ್ಳಾಗಿ ಕೂತಿತು. ಕೋಟು ಅವಳದೇ ಚೆಂದ, ಬಟ್ಟಲು ಅವಳದೇ ಚೆಂದ, ಕೆರೆಯೂ ಅವಳದೇ ಆಯಿತು. ಈಗ ದೊಡ್ಡ ಮನಸ್ಸೂ ಅವಳದೇ? ಕ್ಷಮಿಸಿದವಳು ಅವಳು, ತಾನು ಅವಳ ಕೈಕೆಳಗೆ ಬಾಯಿ ಮುಚ್ಚಿಕೊಂಡು ಕೂತವಳು? ಇನ್ನು ಆಯುಷ್ಯವಿಡೀ ಅವಳ ಎದುರು ಕಣ್ಣೆತ್ತುವುದು ಹೇಗೆ? ಇದೊಂದರಲ್ಲಾದರೂ ಅವಳನ್ನು ಮುಂದೆ ಬಿಡಬಾರದೆಂಬ ಹಟ ಹುಟ್ಟಿತು. ಅದನ್ನು ಪಶ್ಚಾತ್ತಾಪವೆಂದು ಕರೆದರೆ ತಪ್ಪಾದೀತು.

ಮರುದಿನ ಬೆಳಗ್ಗೆ ವ್ಯಾನಿನಲ್ಲಿ ಚಾದರಗಳನ್ನು ಹೇರಿಕೊಂಡು ಗಂಡ ಹೆಂಡತಿ ಹೋಟೆಲಿಗೆ ಹೊರಟರು. ಹೋಟೆಲಿನ ಹಿಂಬಾಗಿಲಿನಲ್ಲಿ ವ್ಯಾನು ನಿಂತಾಗ ಅವಳು ಇಳಿಯಲಿಲ್ಲ.

"ಟೇಪಿನಜ್ಜನಿಗೆ ಹೇಳಿದ್ದು ನಾನೇ."

"ಏನನ್ನ?"

"ಪುಟ್ಟಿ ಮನೆ ಗೋಡೆ ಹೊರಗೆ ಬಂದಿದೆ ಅಂತ."

ಅವನು ಇಳಿದು, ಗಂಟುಗಳನ್ನೆಲ್ಲ ತಾನೊಬ್ಬನೇ ಹೊತ್ತು ಹಾಕಿದ. ವಾಪಸು ಬಂದು ಮನೆಯ ಮುಂದೆ ವ್ಯಾನು ನಿಲ್ಲಿಸಿ ಕೇಳಿದ:

"ಪುಟ್ಟಿಗೆ ಗೊತ್ತಾ?"

"ಗೊತ್ತು."

"ಅವಳು ನನಗೆ ಹೇಳಲಿಲ್ಲ."

"ನೀವೂ ನಂಗೆ ಸೈಟಿನ ವಿಷಯ ಹೇಳಲಿಲ್ಲ."

ಅವನ ಕಿವಿ ಕೆಂಪಾಯಿತು. "ಅದೂ ಇದೂ ಒಂದೇನೇ?"

"ಒಂದಲ್ಲ. ನಂದು ಒಂದೇ ಮಾತಲ್ಲಿ ಮುಗೀತು. ನಿಮ್ಮದು ಮಳೆಗಾಲ ಪೂರ್ತಿ ನಡೀತು."

ಅವನಿಗೆ ಸಿಟ್ಟು ಬಂದಿತ್ತು, ನಿಜ. ಕೆಲವು ದಿನ ಅನ್ನ ನೀರಿಗೆ ಬೇಕಾದಷ್ಟೇ ಮಾತಾಡಿದ. ಆದರೆ ಒಂದು ಸಂಜೆ ಪೈಪು ಎತ್ತಿಕೊಂಡು ತಂಗಿಯ ಗೋಡೆಯ ಕಡೆಗೆ ಹೊರಟವನು ಬಾಗಿಲಲ್ಲೇ ನಿಂತು, ತಿರುಗಿ ಅಡುಗೆಮನೆಗೆ ಬಂದ. ಕಿಟಕಿಯ ಮುಂದೆ ಅವಳು ನಿಲ್ಲುವ ಜಾಗದಲ್ಲಿ ನಿಂತು, ಎದುರಿನ ಗೋಡೆಯನ್ನೂ ಅದರ ಮೇಲಿನ ಪೈಪನ್ನೂ ನೋಡಿದ. ಅಷ್ಟು ದಿನದಲ್ಲಿ ಅವನು ಅಲ್ಲಿ ನಿಂತು ನೋಡಿದ್ದು ಅದೇ ಮೊದಲು. "ನಮ್ಮ ಹಳೇ ಮನೆ ಥರಾನೇ ಇದೆಯಲ್ಲೇ," ಎಂದ ಮೆತ್ತಗೆ. ಲಾಂಡ್ರಿ ಅಕ್ಕ ಒಲೆಯ ಕಡೆಗೆ ತಿರುಗಿಕೊಂಡಳು. ಬಾಯಿ ಬಿಟ್ಟಿದ್ದರೆ ಅತ್ತುಬಿಡುತ್ತಿದ್ದಳು.

ಸಂಘದವರು ಕೊನೆಗೆ, ಮೆಟ್ಟಿಲಿನ ಗೋಡೆಯನ್ನು ಒಡೆದು ಒಳಕ್ಕೆ ತೆಗೆದುಕೊಂಡರೆ ಸಾಕು ಎಂದರು. ಗಾರೆಯವರು ಮರಳಿ ಬಂದರು. ಗೋಡೆ ಬಿದ್ದ ದಿನ ಲಾಂಡ್ರಿ ಅಕ್ಕನ ಕಿಟಕಿಯ ಒಂದು ಮೂಲೆಯಲ್ಲಿ, ಪುಟ್ಟಿಯ ಮನೆಗೂ ಅದರ ಪಕ್ಕದ ಮನೆಗೂ ನಡುವಿನ ಸಂದಿಯಲ್ಲಿ, ಕೆರೆ ಕಂಡಿತು. ಒಂದು ಕೈಟವೆಲ್ಲಿನಷ್ಟು ಅಗಲ. ಗೋಡೆ ಮತ್ತೆ ಎದ್ದ ಮೇಲೂ ಅಷ್ಟು ಉಳಿಯಿತು. ಅದನ್ನು ಕಂಡಾಗ ಅವಳಿಗೆ ಸಂತೋಷವೂ ಆಗುತ್ತಿತ್ತು, ಮುಖವೂ ಬಿಸಿಯಾಗುತ್ತಿತ್ತು. ಎಷ್ಟು ಅಂದರೆ, ಮನೆಗೆ ಬಂದವರಿಗೆ ಅದನ್ನು ತೋರಿಸುತ್ತಿರಲಿಲ್ಲ.

ಪುಟ್ಟಿ ತನ್ನ ಮನೆಗೆ ಹೋದಳು. ಮೊದಲ ದಿನ ಅತ್ತಿಗೆಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಕೋಣೆ ಕೋಣೆ ತೋರಿಸಿದಳು. ಲಾಂಡ್ರಿ ಅಕ್ಕ ಹಲ್ಲು ಕಚ್ಚಿಕೊಂಡು "ಚೆನ್ನಾಗಿದೆ" ಎಂದಳು.

"ಇನ್ನೊಂದ್ಸಲ ಹೇಳಿ ಅತ್ತಿಗೆ, ಕೇಳಿಸಲಿಲ್ಲ."

"ಚೆನ್ನಾಗಿದೆ ಅಂದೆ ಕಣೇ! ಹೊಟ್ಟೆ ಉರಿಯೋಷ್ಟು ಚೆನ್ನಾಗಿದೆ, ಸಾಕಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಪುಟ್ಟಿ. ಲಾಂಡ್ರಿ ಅಕ್ಕ ತಡೆದಳು, ತಡೆದಳು, ಆಮೇಲೆ ಅವಳಿಗೂ ಆಗಲಿಲ್ಲ. ಕೆಳಗಿದ್ದ ಗಂಡಸರಿಬ್ಬರೂ ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು. "ಅದು ನಿಮಗೆ ಹೇಳಿದ್ರೆ ಗೊತ್ತಾಗಲ್ಲ ಬಿಡಿ," ಎಂದಳು ಲಾಂಡ್ರಿ ಅಕ್ಕ.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಆರಿಹೋಯಿತೆಂದು ಯಾರೂ ತಿಳಿಯಬಾರದು. ಮೊದಲನೆಯ ಸಾಲಿನಲ್ಲಿ ಸೊಳ್ಳೆ ಹೆಚ್ಚೆಂದು ಪುಟ್ಟಿ ದೂರಿದ ದಿನ ಲಾಂಡ್ರಿ ಅಕ್ಕ ಬಹಳ ಕನಿಕರದಿಂದ ಕೇಳಿಸಿಕೊಂಡು, ಮನೆಗೆ ಬಂದು ಹಾಡಿಕೊಂಡಳು. ಪುಟ್ಟಿಯ ಬಾಲ್ಕನಿಯಲ್ಲಿ ಬೆತ್ತದ ಜೋಕಾಲಿಯಿತ್ತು. ಅದರಲ್ಲಿ ಕೂರಲು ಎಷ್ಟು ಕರೆದರೂ ಲಾಂಡ್ರಿ ಅಕ್ಕ ಒಪ್ಪಲಿಲ್ಲ; ಕೂತರೆ ಅದು ಎಷ್ಟು ಸುಖವಾಗಿದೆಯೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತಲ್ಲ. ಬಹಳ ದಿನ ಹೋಗಲೇ ಇಲ್ಲ. ಆಮೇಲೊಂದು ಸಂಜೆ ತನ್ನ ಮನೆಯ ಒಂದು ಮರದ ಕುರ್ಚಿಯನ್ನು ತಾನೇ ಹೊತ್ತುಕೊಂಡು, ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಬಾಲ್ಕನಿಯ ಮೂಲೆಯಲ್ಲಿ ಇಟ್ಟು ಕೂತಳು. ಪುಟ್ಟಿ ಚಹಾ ತಂದುಕೊಟ್ಟಳು, ಚಿನ್ನದ ಗೆರೆಯಿಲ್ಲದ ಬಟ್ಟಲಿನಲ್ಲಿ. ಕತ್ತಲಾಗುವವರೆಗೂ ಇಬ್ಬರೂ ನೀರು ನೋಡಿದರು. ಹೋಗುವಾಗ ಲಾಂಡ್ರಿ ಅಕ್ಕ ಕುರ್ಚಿಯನ್ನು ಅಲ್ಲೇ ಬಿಟ್ಟುಹೋದಳು.

ಇನ್ನೊಂದು ಸಂಜೆ ಅವಳು ಬಂದಾಗ ಔಷಧದಂಗಡಿಯವನು ಆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಪತ್ರಿಕೆ ಓದುತ್ತಿದ್ದ. ಲಾಂಡ್ರಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅವನ ಮುಂದೆ ನಿಂತಳು.

"ಏಳಿ. ಅದು ನಂದು."